ಮಾತಿನ ಗುಳ್ಳೆಯೊಳಗೆ ಕನ್ನಡ

ಕಾಮಿಕ್ಸ್ ಓದುವವರ ಕಣ್ಣು ಮೊದಲು ಹೋಗುವುದು ಚಿತ್ರಕ್ಕೆ. ಮುಸುಕಿನ ವೀರ ಕುದುರೆ ಏರಿದನೋ, ಗುದ್ದು ಕೊಟ್ಟನೋ ನೋಡಿಕೊಂಡು ಆಮೇಲೆ ಮಾತಿಗೆ ಬರುತ್ತದೆ. ಮಾತು ಬರೆದಿರುವ ಆ ಬಿಳಿ ಗುಳ್ಳೆ ಮೂಲದಲ್ಲಿ ಇಂಗ್ಲಿಷಿನ ಅಳತೆಗೆ ಬಿಡಿಸಿದ್ದು, ಅದರೊಳಗೆ ಕನ್ನಡವನ್ನು ಕೂರಿಸಿದವರು ಬೇರೆ ಯಾರೋ ಎಂಬುದು ಹೊಳೆಯುವುದೇ ಇಲ್ಲ. ಹಾಗೆ ಹೊಳೆಯದಂತೆ ಮಾಡುವುದೇ ಅವರ ಕಸುಬು.

ಎಪ್ಪತ್ತು, ಎಂಬತ್ತರ ದಶಕದಲ್ಲಿ ಶಿವಮೊಗ್ಗ, ಭದ್ರಾವತಿಗಳಲ್ಲಿ ಓದು ಹಚ್ಚಿಕೊಂಡವರನ್ನು ಕೇಳಿದರೆ ಫ್ಯಾಂಟಮ್, ಮ್ಯಾಂಡ್ರೇಕ್ ಎಂಬ ಹೆಸರುಗಳು ತಟ್ಟನೆ ಬರುತ್ತವೆ. ಲೀ ಫಾಕ್ ಎಂಬ ಅಮೆರಿಕನ್ ಲೇಖಕ ಫ್ಯಾಂಟಮ್‌ನನ್ನು ದಿನಪತ್ರಿಕೆಯ ಪಟ್ಟಿಚಿತ್ರವಾಗಿ ಶುರುಮಾಡಿದ್ದು 1936ರ ಫೆಬ್ರವರಿ 17ರಂದು. 1964ರ ಮಾರ್ಚಿನಿಂದ ಬೆನೆಟ್ ಕೋಲ್ಮನ್ ಸಂಸ್ಥೆಯ ಇಂದ್ರಜಾಲ ಕಾಮಿಕ್ಸ್ ಅವನನ್ನು ಪುಸ್ತಕರೂಪದಲ್ಲಿ ಭಾರತಕ್ಕೆ ತಂದಿತು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಅದು ಬಂತು. 1990ರಲ್ಲಿ ನಿಲ್ಲುವ ಹೊತ್ತಿಗೆ ಇಂಗ್ಲಿಷಿನಲ್ಲಿ ಎಂಟುನೂರು ಸಂಚಿಕೆ ದಾಟಿತ್ತು.

ಪತ್ರಿಕೆಯ ಪಟ್ಟಿ ಪುಸ್ತಕದ ಪುಟವಾಗುವುದೇ ಮೊದಲ ಕೆಲಸ. ದಿನಕ್ಕೆ ಮೂರು ನಾಲ್ಕು ಚೌಕಟ್ಟು ಬರುವ ಪಟ್ಟಿಯಲ್ಲಿ, ನಿನ್ನೆ ಓದದವರಿಗಾಗಿ ಹಿಂದಿನ ಕಥೆಯ ಎಳೆಯೊಂದು ಮತ್ತೆ ಬರುತ್ತದೆ. ಕೂತಲ್ಲೇ ಓದಿ ಮುಗಿಸುವ ಪುಸ್ತಕಕ್ಕೆ ಅದು ಬೇಡ. ಆದ್ದರಿಂದ ಕೆಲವು ಚೌಕಟ್ಟು ಬಿಡಬೇಕು, ಕೆಲವನ್ನು ಹಿಗ್ಗಿಸಬೇಕು, ಕೆಲವನ್ನು ಅಂಚಿನಲ್ಲಿ ಕತ್ತರಿಸಬೇಕು. ಪುಟಗಳ ಮಿತಿಗೆ ಹೊಂದಿಸಲು ಕಥೆಯನ್ನೇ ಕತ್ತರಿಸಿದ್ದೂ ಉಂಟು. ಅಭಿಮಾನಿಗಳಿಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ, ಅದು ನ್ಯಾಯವೇ.

ಹಲವು ಭಾಷೆಗಳಲ್ಲಿ ಹೊರಡುವ ಬಣ್ಣದ ಕಾಮಿಕ್ಸ್‌ಗೆ ಅಚ್ಚುಮನೆಯವರು ಒಂದು ಜಾಣ ಉಪಾಯ ಮಾಡುತ್ತಾರೆ. ಬಣ್ಣದ ಮುದ್ರಣಕ್ಕೆ ನೀಲಿ, ಕೆಂಪು, ಹಳದಿ, ಕಪ್ಪು ಎಂದು ನಾಲ್ಕು ಪ್ಲೇಟುಗಳು ಬೇಕು. ಅಕ್ಷರಗಳಿರುವುದು ಕಪ್ಪಿನಲ್ಲಿ ಮಾತ್ರ. ಹಾಗಾಗಿ ಉಳಿದ ಮೂರನ್ನು ಎಲ್ಲ ಭಾಷೆಗಳಿಗೂ ಹಾಗೇ ಇಟ್ಟು ಕಪ್ಪು ಪ್ಲೇಟೊಂದನ್ನು ಬದಲಿಸಿದರೆ ಸಾಕು. ಆದರೆ ಇದರಿಂದ ಕನ್ನಡದವರ ಕೈ ಕಟ್ಟಿದಂತಾಗುತ್ತದೆ. ಗುಳ್ಳೆಯ ಸುತ್ತ ಬಣ್ಣ ಆಗಲೇ ತುಂಬಿರುವುದರಿಂದ ಅದನ್ನು ಹಿಗ್ಗಿಸುವಂತಿಲ್ಲ.

ಕಂಪ್ಯೂಟರ್ ಬರುವ ಮುಂಚೆ ಈ ಅಕ್ಷರಗಳನ್ನು ಕೈಯಲ್ಲೇ ಬರೆದು ಗುಳ್ಳೆಯ ಮೇಲೆ ಅಂಟಿಸುತ್ತಿದ್ದರು. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಬರವಣಿಗೆಯೆಲ್ಲ ದೊಡ್ಡಕ್ಷರ. ಎಲ್ಲ ಅಕ್ಷರಗಳ ಎತ್ತರವೂ ಒಂದೇ ಆದ್ದರಿಂದ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ‘ರಾಷ್ಟ್ರ’ ಎಂದು ಬರೆದರೆ ಎರಡು ಒತ್ತು ಕೆಳಗೆ ಜೋತುಬೀಳುತ್ತವೆ. ಅದರ ಬುಡದಲ್ಲೇ ‘ಕೀ’ ಬಂದರೆ ಎರಡೂ ಒಂದಕ್ಕೊಂದು ತಾಗುತ್ತವೆ. ಇಂಗ್ಲಿಷಿನ ನಾಲ್ಕು ಸಾಲು ಕೂತ ಜಾಗದಲ್ಲಿ ಕನ್ನಡದ ಮೂರು ಸಾಲು ಹಿಡಿದರೆ ಪುಣ್ಯ. ಪಳಗಿದ ಬರಹಗಾರ ಮೇಲಿನ ಒತ್ತು ಇಳಿಯುವ ಕಡೆಗೆ ಸರಿಯಾಗಿ, ಕೆಳಗಿನ ಸಾಲಿನಲ್ಲಿ ಎರಡು ಪದಗಳ ನಡುವಿನ ತೆರಪು ಬರುವಂತೆ ಜರುಗಿಸುತ್ತಿದ್ದ. ಗುಳ್ಳೆ ಮೊಟ್ಟೆಯಾಕಾರದ್ದು, ಆದ್ದರಿಂದ ಉದ್ದದ ಕ್ರಿಯಾಪದ ನಡುಸಾಲಿಗೆ ಬಂದರೆ ಸುಖ. ಆದರೆ ಕನ್ನಡದ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ, ಗುಳ್ಳೆ ಕಿರಿದಾಗುವ ಕಡೆಗೆ.

ಕ್ರಿಯಾಪದದ ಈ ಸ್ವಭಾವ ಕಥೆಯನ್ನೂ ಕಾಡುತ್ತದೆ. ಯಾರೋ ಪೆಟ್ಟಿಗೆಗೆ ಕೈಹಾಕುತ್ತಿದ್ದಾರೆ. ನಾಯಕ ಮುಟ್ಟಬೇಡ ಎಂದು ಕೂಗುವಷ್ಟರಲ್ಲಿ ಸ್ಫೋಟವಾಗಿ ಮಾತು ಅರ್ಧಕ್ಕೆ ತುಂಡಾಗುತ್ತದೆ. ಇಂಗ್ಲಿಷಿನಲ್ಲಿ ‘ಬೇಡ’ ಮೊದಲು ಬಂದಿರುತ್ತದೆ, ತುಂಡಾಗುವುದು ಪೆಟ್ಟಿಗೆ. ಕನ್ನಡದ ಸಹಜ ಕ್ರಮದಲ್ಲಿ ಪೆಟ್ಟಿಗೆ ಮೊದಲು ಬಂದು, ಬೇಕೋ ಬೇಡವೋ ಎಂಬುದೇ ಸಿಡಿದುಹೋಗುತ್ತದೆ. ಅನುವಾದಕ ವಾಕ್ಯವನ್ನು ಒಡೆದು ‘ಬೇಡ! ಆ ಪೆಟ್ಟಿಗೆಯನ್ನು—’ ಎಂದು ಕಟ್ಟಬೇಕು. ಎಡಗಡೆ ಗುಳ್ಳೆಯಲ್ಲಿ ಅರ್ಧ, ಬಲಗಡೆಯಲ್ಲಿ ಅರ್ಧ ವಾಕ್ಯವಿದ್ದಾಗಲಂತೂ ಗುಟ್ಟು ಬೇಗ ಬಯಲಾಗದಂತೆ ಇನ್ನೂ ಹುಷಾರಾಗಿರಬೇಕು.

ಇಷ್ಟು ಜತನದಿಂದ ಬರೆದದ್ದು ಕೊನೆಗೆ ಎಂಥ ಕಾಗದದ ಮೇಲೆ ಮೂಡುತ್ತದೆ? ಇಂದ್ರಜಾಲ ಹೊರಡುತ್ತಿದ್ದದ್ದು ಮುಂಬೈಯಿಂದ. ಆದರೆ ಅಗ್ಗದ ಕಾಗದದ ಗುಣ ಭದ್ರಾವತಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಫ್ಯಾಂಟಮ್ ಹುಟ್ಟಿದ 1936ರಲ್ಲೇ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಅಲ್ಲಿ ಒಂದು ಕಾಗದನಗರವನ್ನೇ ಬೆಳೆಸಿತು. 2015ರಲ್ಲಿ ಯಂತ್ರಗಳು ನಿಲ್ಲುವವರೆಗೆ ಬರೆಯುವ ಕಾಗದವನ್ನೂ ನ್ಯೂಸ್‌ಪ್ರಿಂಟನ್ನೂ ತಯಾರಿಸಿತು. ಮರದ ತಿರುಳಿನಿಂದ ಲಿಗ್ನಿನ್ ಎಂಬ ಅಂಟುಪದಾರ್ಥವನ್ನು ರಾಸಾಯನಿಕಗಳಿಂದ ತೆಗೆದರೆ ಕಾಗದ ಬೆಳ್ಳಗೆ ಉಳಿಯುತ್ತದೆ. ಯಂತ್ರದಲ್ಲಿ ಅರೆದ ತಿರುಳಿನಲ್ಲಿ ಲಿಗ್ನಿನ್ ಹಾಗೇ ಇರುತ್ತದೆ. ಅಗ್ಗವಾಗುವುದು, ಬೆಳಕು ಗಾಳಿ ತಾಗಿ ಹಳದಿಯಾಗುವುದು ಎರಡೂ ಅದರಿಂದಲೇ. ಇನ್ನೊಂದು ಗುಣವೂ ಇದೆ: ಇಂಥ ಕಾಗದ ಶಾಯಿಯನ್ನು ಬಟ್ಟೆಯಂತೆ ಹೀರುತ್ತದೆ, ಗೆರೆ ದಪ್ಪಗಾಗುತ್ತದೆ. ಇಂಗ್ಲಿಷ್ ಅಕ್ಷರ ಇದನ್ನು ತಾಳಿಕೊಳ್ಳುತ್ತದೆ. ಕನ್ನಡದಲ್ಲಿ ‘ದ’ದ ಕಾಲಡಿಯ ಒಂದು ಪುಟ್ಟ ಸೀಳು ಅದನ್ನು ‘ಧ’ ಮಾಡುತ್ತದೆ. ‘ರ’ದ ಹೊಟ್ಟೆಯಲ್ಲಿ ಶಾಯಿಯ ಹನಿ ಕೂತರೆ ‘ಠ’. ಹಾಗಾಗಿ ಬರಹಗಾರ ತೆಳು ನಿಬ್ಬಿನಲ್ಲಿ ಅಕ್ಷರದ ಹೊಟ್ಟೆಯನ್ನು ಬೇಕಾದದ್ದಕ್ಕಿಂತ ತುಸು ಅಗಲವಾಗಿಯೇ ಬಿಡಿಸುತ್ತಿದ್ದ, ಹರಡುವ ಶಾಯಿಗೆಂದು ಮೊದಲೇ ಜಾಗ ಬಿಟ್ಟು.

ಇನ್ನು ಕಂಟಿನ್ಯುಟಿ, ಅಂದರೆ ಹಿಂದೆ ಹೇಳಿದ್ದು ಮುಂದೆ ಸುಳ್ಳಾಗದಂತೆ ಕಥಾಲೋಕವನ್ನು ಕಾಯುವುದು. ಹಲವು ಲೇಖಕರ ಕೈದಾಟಿದ ಸೂಪರ್‌ಮ್ಯಾನನ ಲೋಕ ಎಷ್ಟು ಗೋಜಲಾಯಿತೆಂದರೆ, ಅದನ್ನು ಬಿಡಿಸಲು ಡಿಸಿ ಸಂಸ್ಥೆ 1985ರಲ್ಲಿ ಹಲವು ಬ್ರಹ್ಮಾಂಡಗಳನ್ನೇ ನಾಶಮಾಡುವ ಕಥೆಯನ್ನು ತರಬೇಕಾಯಿತು. ಫ್ಯಾಂಟಮ್‌ಗೆ ಆ ಕಷ್ಟ ಕಡಿಮೆ. ತಂದೆಯಿಂದ ಮಗನಿಗೆ ಮುಸುಕು ಇಳಿದು ಬಂದು ಈಗಿನವನು ಇಪ್ಪತ್ತೊಂದನೆಯವನು. ಫಾಕ್ 1999ರಲ್ಲಿ ತೀರಿಕೊಳ್ಳುವವರೆಗೂ ಈ ವಂಶದ ಲೆಕ್ಕ ಆತನ ತಲೆಯಲ್ಲೇ ಇತ್ತು. ನನ್ನ ಮಟ್ಟಿಗೆ ಇದೇ ಹೆಚ್ಚು ಗಟ್ಟಿ ಕಟ್ಟಡ.

ಭಾರತಕ್ಕೆ ಬಂದಾಗ ಈ ಲೆಕ್ಕಕ್ಕೆ ಹೊಸ ಬಾಬತ್ತುಗಳು ಸೇರಿದವು. ಫ್ಯಾಂಟಮ್ ವಾಸಿಸುವ ನಾಡಿನ ಹೆಸರು ಡೆಂಕಾಲಿ ಆಯಿತು. ಕಡಲ್ಗಳ್ಳರಾದ ‘ಸಿಂಗ್’ ಕೂಟ ಇಲ್ಲಿ ಯಾರ ಮನಸ್ಸೂ ನೋಯದಂತೆ ‘ಸಿಂಗಾ’ ಆಯಿತು. ಮೊದಮೊದಲು ನೀಲಿಯಿದ್ದ ಫ್ಯಾಂಟಮ್‌ನ ಉಡುಪು ಆಮೇಲೆ ನೇರಳೆಗೆ ತಿರುಗಿತು. ಕನ್ನಡದವರಿಗೆ ಇದರ ಜೊತೆಗೆ ಏಕವಚನ, ಬಹುವಚನದ ಲೆಕ್ಕ. ಫ್ಯಾಂಟಮ್‌ನ ಪ್ರೇಯಸಿ ಡಯಾನಾ ಅವನನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಮೂಲದಲ್ಲಿ ಸುಳಿವಿಲ್ಲ. ಒಮ್ಮೆ ತೀರ್ಮಾನಿಸಿದರೆ ಮುಂದಿನ ಸಂಚಿಕೆಗಳೆಲ್ಲ ಅದನ್ನು ಪಾಲಿಸಬೇಕು. 1977ರಲ್ಲಿ ಅವರಿಬ್ಬರ ಮದುವೆಯಾದ ಮೇಲೆ ಇದೇ ಪ್ರಶ್ನೆ ಮತ್ತೆ ಏಳುತ್ತದೆ.

ಕಾಗದದ ಮೇಲೆ ಹೀಗೆ ದಶಕಗಳ ಕೆಳಗೇ ಕನ್ನಡ ಕಲಿತ ವೀರರು ಬೆಳ್ಳಿತೆರೆಯಲ್ಲಿ ಕನ್ನಡ ಆಡಲು ತುಂಬ ತಡವಾಯಿತು. ಕನ್ನಡ ಚಿತ್ರರಂಗದವರು ಡಬ್ಬಿಂಗ್ ತಡೆಯುವಂತಿಲ್ಲ ಎಂದು ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. 2023ರ ‘ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಕನ್ನಡದಲ್ಲೂ ಬಂತು. 2004ರ ‘ಸ್ಪೈಡರ್‌ಮ್ಯಾನ್ ಇಂಡಿಯಾ’ ಕಾಮಿಕ್ಸ್‌ನಿಂದ ಬಂದ ಪವಿತ್ರ್ ಪ್ರಭಾಕರ್ ಕೂಡ ಅದರಲ್ಲಿದ್ದಾನೆ. ಇಲ್ಲಿ ಗುಳ್ಳೆಯ ಬದಲು ತುಟಿಯ ಅಳತೆ. ಪ, ಬ, ಮ ಬಂದಲ್ಲಿ ತುಟಿ ಮುಚ್ಚಿರಬೇಕು, ಮಾತು ಮುಗಿದಾಗ ಬಾಯಿಯೂ ನಿಲ್ಲಬೇಕು. ಫ್ಯಾಂಟಮ್‌ನ ಮುಸುಕು ಮೂಗಿನವರೆಗೆ ಮಾತ್ರ. ಸ್ಪೈಡರ್‌ಮ್ಯಾನ್ ಮುಖವನ್ನು ಪೂರ್ತಿ ಮುಚ್ಚಿಕೊಂಡಿರುವುದರಿಂದ, ಅವನು ಅದನ್ನು ಕಳಚುವವರೆಗೆ ಸಂಭಾಷಣೆ ಬರೆಯುವವರು ಒಂದೆರಡು ಅಕ್ಷರ ಹೆಚ್ಚೇ ಬರೆದುಕೊಳ್ಳಬಹುದು.