ರಾಜೀನಾಮೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಕಾಸರಗೋಡು ಬಳಿಯ ಬೆದ್ರಡ್ಕದ ಭೆಲ್-ಇಎಂಎಲ್ ಕಾರ್ಖಾನೆಯ ಕತೆ ಗಡಿನಾಡಿನವರಿಗೆ ಹೊಸದಲ್ಲ. ತಿಂಗಳುಗಟ್ಟಲೆ ವೇತನ ನಿಂತಿತು. 2020ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿತು. ಕೇರಳ ಸರಕಾರವು ಅದನ್ನು ವಹಿಸಿಕೊಂಡು 2022ರ ಏಪ್ರಿಲ್‌ನಲ್ಲಿ ಮರಳಿ ತೆರೆಯುವವರೆಗೆ ಕಾರ್ಮಿಕರು ಕಾದರು. ಸಾರ್ವಜನಿಕ ರಂಗದ ಉದ್ಯಮವಾದುದರಿಂದ ಅದಕ್ಕೆ ಆಸರೆಯಾಗಲು ಸರಕಾರವಿತ್ತು. ಹೊಸೂರಿನ ವಾಹನ ಬಿಡಿಭಾಗಗಳ ಘಟಕಕ್ಕೋ ಸೊಲ್ಲಾಪುರದ ಮಗ್ಗದ ಕಾರ್ಖಾನೆಗೋ ಅಂಥ ಆಸರೆ ದೊರೆಯುವುದು ವಿರಳ.

ಕಂಪೆನಿ ಕಷ್ಟದಲ್ಲಿದೆಯೆಂಬುದನ್ನು ಗಾಳಿಮಾತಿಗಿಂತ ಮೊದಲು ಭವಿಷ್ಯನಿಧಿಯ ಪಾಸ್‌ಬುಕ್ಕು ತಿಳಿಸುವುದುಂಟು. ವೇತನದಿಂದ ಕಡಿತವಾದ ಹಣವನ್ನು ಮಾಲಕರು ಮರುತಿಂಗಳ 15ನೆಯ ತಾರೀಖಿನೊಳಗೆ ಜಮೆ ಮಾಡಬೇಕು. ವೇತನಚೀಟಿಯಲ್ಲಿ ಕಡಿತವಿದ್ದು ಪಾಸ್‌ಬುಕ್ಕಿನಲ್ಲಿ ಜಮೆ ಕಾಣದಿದ್ದರೆ ಆ ಪುಟಗಳ ಪ್ರತಿಯನ್ನು ತೆಗೆದಿರಿಸಿ, ಭವಿಷ್ಯನಿಧಿ ಕಚೇರಿಗೆ ದೂರು ಸಲ್ಲಿಸಬಹುದು. ನೇಮಕಾತಿ ಆದೇಶ, ವೇತನಚೀಟಿಗಳು, ಹಾಜರಿಯ ದಾಖಲೆ ಇವೆಲ್ಲ ಮನೆಯಲ್ಲಿರಲಿ. ಗೇಟು ಮುಚ್ಚಿದ ಮೇಲೆ ಒಳಗಿನ ಕಡತ ಕೈಗೆ ಸಿಗದು.

ಎಲ್ಲಕ್ಕಿಂತ ಹೆಚ್ಚಿನ ನಷ್ಟವಾಗುವುದು ಒಂದು ಸಹಿಯಿಂದ. ಕೆಲಸದಿಂದ ತೆಗೆಯಬಯಸುವ ಆಡಳಿತವು ಹಲವೊಮ್ಮೆ ‘ನೀವಾಗಿಯೇ ರಾಜೀನಾಮೆ ಕೊಡಿ, ಲೆಕ್ಕ ಬೇಗ ಚುಕ್ತಾ ಮಾಡುತ್ತೇವೆ’ ಎನ್ನುತ್ತದೆ. ಕಾನೂನಿನ ಕಣ್ಣಿನಲ್ಲಿ ರಾಜೀನಾಮೆ ಬೇರೆ, ಛಾಟಣಿ ಬೇರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ, ಅದಕ್ಕೆ ಮುಂಚಿನ 1947ರ ಕಾಯಿದೆಯಲ್ಲಿಯೂ, ವರ್ಷಕಾಲ ಸತತವಾಗಿ ದುಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು ಅಥವಾ ಅದರ ವೇತನವನ್ನು, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ತಿಂಗಳಿಗೆ 20,800 ರೂಪಾಯಿ ವೇತನದಲ್ಲಿ 12 ವರ್ಷ ದುಡಿದವರನ್ನು ನೋಡೋಣ. ಪರಿಹಾರ 1,24,800 ರೂಪಾಯಿ. ನೋಟೀಸಿನ ವೇತನ ಸೇರಿದರೆ 1,45,600. ರಾಜೀನಾಮೆ ಕೊಟ್ಟವರಿಗೆ ಈ ಮೊತ್ತದ ಮೇಲೆ ಹಕ್ಕಿಲ್ಲ. ಗ್ರಾಚ್ಯುಟಿ ಮಾತ್ರ ಹಾಗಲ್ಲ: ಐದು ವರ್ಷ ಪೂರೈಸಿದವರಿಗೆ ರಾಜೀನಾಮೆ ಕೊಟ್ಟರೂ ಅದು ಸಲ್ಲುತ್ತದೆ, ಇದೇ ಲೆಕ್ಕದಲ್ಲಿ 1,44,000 ರೂಪಾಯಿ. ಆಡಳಿತವು ಗ್ರಾಚ್ಯುಟಿಯನ್ನೇ ‘ಪ್ಯಾಕೇಜು’ ಎಂದು ಮುಂದಿಟ್ಟರೆ ಅದು ನಿಮ್ಮದೇ ಹಣವೆಂಬುದು ನೆನಪಿರಲಿ.

ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ಇನ್ನೊಂದು ಆಧಾರವಿದೆ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ ಕೆಲಸ ಕಳೆದುಕೊಂಡವರಿಗೆ ಸರಾಸರಿ ದಿನವೇತನದ ಅರ್ಧದಷ್ಟು, ಗರಿಷ್ಠ 90 ದಿನ ದೊರೆಯುತ್ತದೆ. ಸ್ವಇಚ್ಛೆಯಿಂದ ನಿವೃತ್ತರಾದವರಿಗೆ ಇದಿಲ್ಲ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸಲಾಗುತ್ತಿರುವುದರಿಂದ ಶಾಖಾ ಕಚೇರಿಯಲ್ಲಿ ವಿಚಾರಿಸುವುದು ಒಳಿತು.

ನಮ್ಮವರಿಗೆ ಭಾಷೆಯ ತೊಡಕು ಬೇರೆ. ಪತ್ರ ತಮಿಳಿನಲ್ಲೋ ಮಲಯಾಳದಲ್ಲೋ ಮರಾಠಿಯಲ್ಲೋ ಇರುತ್ತದೆ. ಮನೆಯಲ್ಲಿ ಅದನ್ನು ಓದಬಲ್ಲವರು ಶಾಲೆಗೆ ಹೋಗುವ ಮಕ್ಕಳೇ ಆಗಿರುವುದುಂಟು. ತಂದೆಯ ಕೆಲಸ ಹೋಗುವ ಸುದ್ದಿಯನ್ನು ಎಂಟನೆಯ ತರಗತಿಯ ಹುಡುಗಿ ಓದಿ ಹೇಳಬೇಕಾದ ಸ್ಥಿತಿ ಬಾರದಿರಲಿ. ಪ್ರತಿ ಕೇಳಿ ಪಡೆಯಿರಿ, ಸಂಘದವರಿಗೋ ಪರಿಚಿತ ಅಧ್ಯಾಪಕರಿಗೋ ತೋರಿಸಿ. ಅರ್ಥವಾಗದ ಕಾಗದಕ್ಕೆ ಅದೇ ದಿನ ಸಹಿ ಹಾಕಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.

ಕಂಪೆನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಹಕ್ಕುಕೋರಿಕೆ ಸಲ್ಲಿಸಲು ಕರೆಯುವ ಪ್ರಕಟಣೆಯು ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಬರುತ್ತದೆ. ಹೊಸೂರಿನಲ್ಲಿ ಆ ಭಾಷೆ ತಮಿಳು. ಕನ್ನಡ ಪತ್ರಿಕೆಯನ್ನಷ್ಟೇ ಓದುವ ಮನೆಗೆ ಸುದ್ದಿ ತಲಪುವಷ್ಟರಲ್ಲಿ ಗಡುವು ಮುಗಿದಿರಬಹುದು. ಕಾರ್ಮಿಕರು ‘ಡಿ’ ನಮೂನೆಯಲ್ಲಿ ಬಾಕಿಯನ್ನು ಕೋರಬೇಕು. ಕಂಪೆನಿಯನ್ನು ಸಮಾಪನಗೊಳಿಸಿದರೆ ಹಿಂದಿನ 24 ತಿಂಗಳ ಬಾಕಿಗೆ, ಅಡಮಾನವಿಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕುಗಳಷ್ಟೇ ಆದ್ಯತೆಯಿದೆ. ಭವಿಷ್ಯನಿಧಿಯ ಬಾಕಿ ಸಾಲ ಕೊಟ್ಟವರಿಗೆ ಹಂಚುವ ಆಸ್ತಿಗೆ ಸೇರುವುದಿಲ್ಲ.

ಕೆಲಸ ಅರಸಿ ಬೆಂಗಳೂರಿಗೋ ಮಂಗಳೂರಿಗೋ ಹೊರಡುವ ಕುಟುಂಬಗಳು ವರ್ಷದ ನಡುವೆ ಮಕ್ಕಳ ಶಾಲೆ ತಪ್ಪೀತೆಂದು ಅಂಜುತ್ತವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಎಂಟನೆಯ ತರಗತಿಯವರೆಗೆ, ಹೊರರಾಜ್ಯದಿಂದ ಬಂದ ಮಗುವಿಗೂ ಸರಕಾರಿ ಅಥವಾ ಅನುದಾನಿತ ಶಾಲೆಯು ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಪತ್ರವನ್ನು ಕೂಡಲೇ ಕೊಡುವ ಹೊಣೆ ಹಳೆಯ ಶಾಲೆಯ ಮುಖ್ಯೋಪಾಧ್ಯಾಯರದು.