ತಟ್ಟೆ ಎಷ್ಟು ದೂರದಲ್ಲಿತ್ತು?

1947ರ ಜೂನ್ 24ರಂದು ಅಮೆರಿಕದ ರೇನಿಯರ್ ಪರ್ವತದ ಬಳಿ ತಮ್ಮ ಪುಟ್ಟ ವಿಮಾನದಲ್ಲಿ ಹೋಗುತ್ತಿದ್ದ ಕೆನೆತ್ ಆರ್ನಾಲ್ಡ್ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡೆ ಎಂದರು. ನೀರಿನ ಮೇಲೆ ಬೀಸಿ ಎಸೆದ ಸಾಸರು ಪುಟಿಯುತ್ತ ಹೋಗುವ ಹಾಗೆ ಅವು ಹಾರಿದವು ಎಂಬುದು ಅವರ ವಿವರಣೆ. ಅವರು ಹೇಳಿದ್ದು ಹಾರಿದ ಬಗೆಯನ್ನು, ಆಕಾರವನ್ನಲ್ಲ. ಪತ್ರಿಕೆಗಳು ಅದನ್ನೇ ‘ಹಾರುವ ತಟ್ಟೆ’ ಮಾಡಿದವು. ಆಮೇಲೆ ಹೆಸರು ಮಾಡಿದ ಫೋಟೋಗಳಲ್ಲಿ ಎಷ್ಟೋ ತಟ್ಟೆಗಳೇ! ಇಂಥ ಫೋಟೋ ಎದುರಿಗೆ ಬಂದಾಗ ನಾವು ಕೇಳುವುದು ‘ನಿಜವೋ, ನಕಲಿಯೋ’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ.

ತಪ್ಪು ಕಲ್ಪನೆ: ಫೋಟೋ ತಿದ್ದಿಲ್ಲ ಎಂದು ತಜ್ಞರು ಹೇಳಿದರೆ ಅದರಲ್ಲಿರುವುದು ನಿಜ.

ವಾಸ್ತವ: 1989ರ ಕೊನೆಯಿಂದ ಬೆಲ್ಜಿಯಂನಲ್ಲಿ ರಾತ್ರಿ ಆಕಾಶದಲ್ಲಿ ತ್ರಿಕೋನಗಳನ್ನು ಕಂಡೆವು ಎಂದು ಜನ ಸಾಲುಸಾಲಾಗಿ ಹೇಳತೊಡಗಿದರು. 1990ರಲ್ಲಿ ಪೆಟಿ-ರೆಶೆಂ ಎಂಬ ಊರಿನಿಂದ ಒಂದು ಸ್ಲೈಡ್ ಹೊರಬಂತು: ಕಪ್ಪು ತ್ರಿಕೋನ, ಮೂಲೆಗೊಂದು ಬೆಳಕು, ನಡುವೆ ಇನ್ನೊಂದು. ಪರೀಕ್ಷಿಸಿದವರಿಗೆ ಫಿಲ್ಮಿನ ಮೇಲೆ ಕೈಯಾಡಿಸಿದ ಗುರುತು ಕಾಣಲಿಲ್ಲ. ಇಪ್ಪತ್ತು ವರ್ಷ ಅದು ಜಗತ್ತು ಸುತ್ತಿತು. 2011ರಲ್ಲಿ ಫೋಟೋ ತೆಗೆದವನೇ ಟಿ.ವಿ.ಯಲ್ಲಿ ಒಪ್ಪಿಕೊಂಡ: ಅದು ಬಣ್ಣ ಬಳಿದ ಥರ್ಮಾಕೋಲು, ಬೆಳಕು ಬಂದದ್ದು ಟಾರ್ಚಿನ ಬಲ್ಬುಗಳಿಂದ. ತಜ್ಞರು ಸುಳ್ಳು ಹೇಳಿರಲಿಲ್ಲ. ಫಿಲ್ಮಿನಲ್ಲಿ ಮೋಸ ಇರಲೇ ಇಲ್ಲ, ಮೋಸ ಇದ್ದದ್ದು ಕ್ಯಾಮೆರಾದ ಮುಂದೆ. ಇಂಗ್ಲೆಂಡಿನ ಕಾಟಿಂಗ್ಲಿಯಲ್ಲಿ 1917ರಲ್ಲಿ ಇಬ್ಬರು ಹುಡುಗಿಯರು ರಟ್ಟಿನಲ್ಲಿ ಕತ್ತರಿಸಿದ ಯಕ್ಷಿಣಿಯರನ್ನು ಟೋಪಿಯ ಪಿನ್ನಿನಿಂದ ನಿಲ್ಲಿಸಿ ಆರ್ಥರ್ ಕಾನನ್ ಡಾಯ್ಲ್‌ರಂಥವರನ್ನೇ ನಂಬಿಸಿದ್ದೂ ಹೀಗೆಯೇ.

ತಪ್ಪು ಕಲ್ಪನೆ: ಗಾತ್ರ ನೋಡಿದರೇ ಗೊತ್ತಾಗುತ್ತದೆ, ಅದು ಆಟಿಕೆಯಲ್ಲ.

ವಾಸ್ತವ: ಫೋಟೋದಲ್ಲಿ ಗಾತ್ರ ಇರುವುದಿಲ್ಲ, ಕೋನ ಇರುತ್ತದೆ. ಆರು ಮೀಟರ್ ದೂರದಲ್ಲಿ ತೂಗುವ 30 ಸೆಂಟಿಮೀಟರಿನ ಊಟದ ತಟ್ಟೆಯೂ 600 ಮೀಟರ್ ದೂರದಲ್ಲಿ ಹಾರುವ 30 ಮೀಟರಿನ ನೌಕೆಯೂ ಚಿತ್ರದಲ್ಲಿ ಅಷ್ಟೇ ಜಾಗ ಹಿಡಿಯುತ್ತವೆ. ಸಾದಾ ಕ್ಯಾಮೆರಾದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಸ್ಪಷ್ಟತೆಯಲ್ಲಿ ಮೂಡುತ್ತವೆ. ಹಾಗಾಗಿ ಮೊದಲ ಪ್ರಶ್ನೆ: ಎಷ್ಟು ದೂರ?

ಈ ಪ್ರಶ್ನೆಯ ಸುತ್ತ ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಮೆಕ್‌ಮಿನ್‌ವಿಲ್ ಫೋಟೋಗಳ ವಿಷಯದಲ್ಲಿ. 1950ರ ಮೇ ತಿಂಗಳಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ರೈತ ದಂಪತಿ ತಮ್ಮ ಹಿತ್ತಲಿನಿಂದ ತಟ್ಟೆಯಂಥ ವಸ್ತುವಿನ ಎರಡು ಚಿತ್ರ ತೆಗೆದರು. ಜೂನ್‌ನಲ್ಲಿ ‘ಲೈಫ್’ ಪತ್ರಿಕೆ ಅವನ್ನು ಅಚ್ಚು ಹಾಕಿತು. ಅಮೆರಿಕದ ವಾಯುಪಡೆಯ ಹಣದಲ್ಲಿ ನಡೆದ, ಹಾರುವ ತಟ್ಟೆಗಳ ಕುರಿತ ಕಾಂಡನ್ ಅಧ್ಯಯನಕ್ಕಾಗಿ ಖಗೋಳವಿಜ್ಞಾನಿ ವಿಲಿಯಂ ಹಾರ್ಟ್‌ಮನ್ ಇವನ್ನು ಪರೀಕ್ಷಿಸಿದರು. ಅವರು ಹಿಡಿದ ದಾರಿ ನನಗೆ ಇಂದಿಗೂ ಮೆಚ್ಚುಗೆ. ಘಟ್ಟದ ಸಾಲು ನೋಡಿದವರಿಗೆಲ್ಲ ಗೊತ್ತು, ಹತ್ತಿರದ ಬೆಟ್ಟ ಕಪ್ಪು, ದೂರದ್ದು ಮಸುಕು. ತಟ್ಟೆಯ ನೆರಳಿನ ತಳಭಾಗ ಹತ್ತಿರದ ವಸ್ತುಗಳ ನೆರಳಿಗಿಂತ ಮಸುಕಾಗಿತ್ತು. ಆದ್ದರಿಂದ ಅದು ದೂರದ್ದು, ದೊಡ್ಡದು ಎಂಬ ಕಡೆಗೆ ಅವರು ವಾಲಿದರು.

ಆಮೇಲೆ ರಾಬರ್ಟ್ ಶೀಫರ್ ಎಂಬ ಸಂದೇಹವಾದಿ ತಟ್ಟೆಯನ್ನು ಬಿಟ್ಟು ಪಕ್ಕದ ಗ್ಯಾರೇಜಿನ ಗೋಡೆ ನೋಡಿದರು. ಸಂಜೆ ತೆಗೆದದ್ದು ಎಂದು ದಂಪತಿ ಹೇಳಿದ್ದರು, ಆದರೆ ಗೋಡೆಯ ಮೇಲಿನ ನೆರಳು ಬೆಳಗಿನ ಬಿಸಿಲಿನದು. ಲೆನ್ಸ್‌ಗೆ ಕೊಳೆ ಹಿಡಿದಿದ್ದರೂ ಚಿತ್ರ ಹಾಗೆಯೇ ಮಸುಕಾಗುತ್ತದೆ ಎಂದೂ ಅವರು ತೋರಿಸಿದರು. ತಟ್ಟೆಯ ನೆತ್ತಿಯ ಮೇಲೇ ತಂತಿಗಳು ಹಾದುಹೋಗಿವೆ. 2013ರಲ್ಲಿ ಫ್ರಾನ್ಸಿನ ಕೆಲವರು ಕಂಪ್ಯೂಟರಿನಲ್ಲಿ ಜಾಲಾಡಿ, ದಾರದ ಗುರುತು ಸಿಕ್ಕಿದೆ ಎಂದರು. ಬ್ರೂಸ್ ಮ್ಯಾಕಬಿಯಂಥ ಭೌತವಿಜ್ಞಾನಿಗಳು ಮಾತ್ರ ಫೋಟೋಗಳ ಪರವಾಗಿ ದಶಕಗಟ್ಟಲೆ ವಾದಿಸಿದರು. ದಂಪತಿ ಕೊನೆಯವರೆಗೂ ಮಾತು ಬದಲಿಸಲಿಲ್ಲ. ತಂತಿ ಮತ್ತು ಬಿಸಿಲು ನನ್ನನ್ನು ತೂಗುಹಾಕಿದ ವಸ್ತುವಿನ ಕಡೆಗೇ ಎಳೆಯುತ್ತವೆ. ಆದರೂ ಅವರನ್ನು ಮೋಸಗಾರರು ಎಂದು ಕರೆಯಲು ಎರಡು ಚಿತ್ರ ಸಾಲದು.

ತಪ್ಪು ಕಲ್ಪನೆ: ನಕಲಿ ಅಲ್ಲದಿದ್ದರೆ ಅನ್ಯಗ್ರಹದ್ದು, ಅನ್ಯಗ್ರಹದ್ದಲ್ಲದಿದ್ದರೆ ಫೋಟೋ ತೆಗೆದವರು ಸುಳ್ಳರು.

ವಾಸ್ತವ: ಇದು ಅತಿ ಹೆಚ್ಚು ನೋವು ಕೊಡುವ ತಪ್ಪು. ಮೊಬೈಲಿನಲ್ಲಿ ಪ್ರಾಮಾಣಿಕವಾಗಿ ತೆಗೆದ ಚಿತ್ರದಲ್ಲೂ ಕಣ್ಣಿಗೆ ಕಾಣದ ವಸ್ತು ಮೂಡಬಹುದು. ಹುಣ್ಣಿಮೆಯ ರಾತ್ರಿ ಚಂದ್ರನನ್ನು ಚಿತ್ರದ ಒಂದು ಮೂಲೆಗೆ ಬರುವಂತೆ ಹಿಡಿದು ತೆಗೆಯಿರಿ. ಎದುರು ಮೂಲೆಯಲ್ಲಿ ಎಷ್ಟೋ ಸಲ ಒಂದು ಹಸಿರು ಚುಕ್ಕಿ ಕಾಣುತ್ತದೆ. ಚಂದ್ರನಿಂದ ಚಿತ್ರದ ನಟ್ಟನಡುವಿನ ಮೂಲಕ ಗೆರೆ ಎಳೆದರೆ, ಅಷ್ಟೇ ದೂರದಲ್ಲಿ ಆಚೆ ಆ ಚುಕ್ಕಿ ಕುಳಿತಿರುತ್ತದೆ. ಅದು ಲೆನ್ಸಿನ ಗಾಜುಗಳ ನಡುವೆ ಬೆಳಕು ಪುಟಿದು ಆದ ಪ್ರತಿಬಿಂಬ. ಫೋಕಸ್ ತಪ್ಪಿದ ದೀಪ ಕ್ಯಾಮೆರಾದೊಳಗಿನ ಕಿಂಡಿಯ ಆಕಾರವನ್ನೇ ತಾಳುತ್ತದೆ. ಅಮೆರಿಕದ ನೌಕಾಪಡೆಯ ಹಡಗಿನಿಂದ 2019ರಲ್ಲಿ ಚಿತ್ರಿಸಿದ ಮಿನುಗುವ ತ್ರಿಕೋನಗಳು ರಾತ್ರಿ ನೋಡುವ ಉಪಕರಣದ ಮೂಲಕ ಬೆಳಕು ಹಾದು ಕ್ಯಾಮೆರಾದಲ್ಲಿ ಹಾಗೆ ಮೂಡಿದ್ದು ಎಂದು 2022ರಲ್ಲಿ ಅಧಿಕಾರಿಗಳೇ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ತಪ್ಪು ಕಲ್ಪನೆ: ಸೈನಿಕರ, ಪೈಲಟ್‌ಗಳ ಕಣ್ಣು ಮೋಸಹೋಗದು.

ವಾಸ್ತವ: ‘ಗೋ ಫಾಸ್ಟ್’ ಎಂದೇ ಹೆಸರಾದ, ಯುದ್ಧವಿಮಾನದಿಂದ ತೆಗೆದ ವಿಡಿಯೋದಲ್ಲಿ ಒಂದು ಚುಕ್ಕಿ ಸಮುದ್ರಕ್ಕೆ ಮೈ ತಾಗಿಸಿದಂತೆ ಮಿಂಚಿನ ವೇಗದಲ್ಲಿ ಓಡುತ್ತದೆ. ಆದರೆ ಪುಣ್ಯಕ್ಕೆ ಅದರಲ್ಲಿ ದೂರ ಮತ್ತು ಕೋನದ ಅಂಕಿಗಳು ಪರದೆಯ ಮೇಲೇ ಇದ್ದವು. 2023ರಲ್ಲಿ ನಾಸಾದ ಸ್ವತಂತ್ರ ಸಮಿತಿ ಅವುಗಳಿಂದಲೇ ಲೆಕ್ಕ ಹಾಕಿತು: ವಸ್ತು ಇದ್ದದ್ದು ಸುಮಾರು 13,000 ಅಡಿ ಎತ್ತರದಲ್ಲಿ, ವೇಗ ಗಂಟೆಗೆ ಸುಮಾರು 64 ಕಿಲೋಮೀಟರ್. ಬಹುಪಾಲು ಓಟ ವಿಮಾನದ್ದೇ. ರೈಲಿನಿಂದ ನೋಡಿದಾಗ ಹತ್ತಿರದ ಕಂಬ ಓಡುವುದಿಲ್ಲವೇ, ಹಾಗೆ. 2012-13ರಲ್ಲಿ ಲಡಾಖ್ ಗಡಿಯ ನಮ್ಮ ಸೈನಿಕರು ಆಕಾಶದ ಬೆಳಕುಗಳನ್ನು ಚೀನಾದ ಡ್ರೋನ್‌ಗಳೆಂದು ಶಂಕಿಸಿ ತಿಂಗಳುಗಟ್ಟಲೆ ಕಾದರು. ಅವು ಶುಕ್ರ ಮತ್ತು ಗುರು ಎಂದು ಗುರುತಿಸಿದವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು.

ತಪ್ಪು ಕಲ್ಪನೆ: ಫೈಲಿನೊಳಗೆ ದಿನಾಂಕ, ಸ್ಥಳ ಇದ್ದರೆ ಸಾಚಾ, ಇಲ್ಲದಿದ್ದರೆ ನಕಲಿ.

ವಾಸ್ತವ: ಎರಡೂ ಅಲ್ಲ. ಆ ವಿವರಗಳನ್ನು ಬದಲಿಸುವುದು ಸುಲಭ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅವು ತಾವಾಗಿಯೇ ಕಳಚಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತವೆ.

ತಪ್ಪು ಕಲ್ಪನೆ: ಜೂಮ್ ಮಾಡಿ ತೆಗೆದಷ್ಟೂ ಒಳ್ಳೆಯ ಪುರಾವೆ.

ವಾಸ್ತವ: ಬರೀ ಆಕಾಶದ ನಡುವೆ ಒಂದು ಮಸುಕು ಉಂಡೆ ಯಾರಿಗೂ ಏನನ್ನೂ ಹೇಳದು. ಜೂಮ್ ಬಿಟ್ಟು, ಮನೆಯ ಸೂರು, ತೆಂಗಿನ ಮರ, ದಿಗಂತ ಚಿತ್ರದೊಳಗೆ ಬರಲಿ. ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಂದು ತೆಗೆಯಿರಿ; ಹತ್ತಿರದ ವಸ್ತುವಾದರೆ ದೂರದ ಗುಡ್ಡದ ಎದುರು ಅದು ಜಾಗ ಬದಲಿಸಿರುತ್ತದೆ. ವಸ್ತುವೇ ಚಲಿಸುತ್ತಿದ್ದರೆ ಇಷ್ಟು ಸಾಲದು. ಆಗ ಊರಿನ ಆ ತುದಿಯಲ್ಲಿರುವ ಗೆಳೆಯರಿಗೆ ಫೋನ್ ಮಾಡಿ, ಅದೇ ಕ್ಷಣದಲ್ಲಿ ಅವರ ಮಾಳಿಗೆಯಿಂದಲೂ ಒಂದು ಫೋಟೋ ತೆಗೆಯಲು ಹೇಳಿ.