ರಕ್ತನಾಳಗಳ ಲ್ಯಾಟಿನ್ ಹೆಸರುಗಳ ಅರ್ಥವೇನು?

ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಕಲಿಯುವ ರಕ್ತನಾಳಗಳ ಲ್ಯಾಟಿನ್ ಹೆಸರುಗಳು ಕಿವಿಗೆ ಕಠಿಣವೆನಿಸಿದರೂ, ಅವುಗಳಲ್ಲಿ ಅನೇಕವು ಕಣ್ಣಿಗೆ ಕಂಡ ಆಕಾರವನ್ನೇ ಹೇಳುವ ಸರಳ ಪದಗಳಾಗಿವೆ.

ದೇಹದಿಂದ ರಕ್ತವನ್ನು ಹೃದಯಕ್ಕೆ ಮರಳಿಸುವ ಎರಡು ದೊಡ್ಡ ಅಭಿಧಮನಿಗಳಿಗೆ ‘ವೀನಾ ಕಾವಾ’ ಎಂದು ಹೆಸರು. ‘ವೀನಾ’ ಎಂದರೆ ಅಭಿಧಮನಿ, ‘ಕಾವಾ’ ಎಂದರೆ ಟೊಳ್ಳಾದದ್ದು.

ಹೃದಯದ ಸ್ನಾಯುವಿಗೇ ರಕ್ತ ಪೂರೈಸುವ ಅಪಧಮನಿಯು ‘ಆರ್ಟೀರಿಯಾ ಕೊರೊನೇರಿಯಾ’. ಗ್ರೀಕ್ ಮೂಲದ ‘ಆರ್ಟೀರಿಯಾ’ ಪದವು ಹಿಂದೆ ಶ್ವಾಸನಾಳವನ್ನೂ ಸೂಚಿಸುತ್ತಿತ್ತು. ಶವದಲ್ಲಿ ಬರಿದಾಗಿ ಕಾಣುವ ಅಪಧಮನಿಗಳು ಗಾಳಿಯನ್ನು ಒಯ್ಯುತ್ತವೆಂದು ಕೆಲವು ಪ್ರಾಚೀನ ಗ್ರೀಕ್ ವೈದ್ಯರು ನಂಬಿದ್ದರು. ‘ಕೊರೋನಾ’ ಎಂದರೆ ಕಿರೀಟ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಶೇಷನ ಮೇಲೆ ಕುಳಿತ ವಿಷ್ಣುವಿನ ತಲೆಯನ್ನು ಮುಕುಟವು ಬಳಸಿಕೊಂಡಿರುವಂತೆ, ಈ ನಾಳಗಳು ಹೃದಯವನ್ನು ಬಳಸಿಕೊಂಡಿರುವುದೇ ಈ ಹೆಸರಿಗೆ ಕಾರಣ.

‘ಕ್ಯಾಪಿಲರಿ’ಯ ಮೂಲವಾದ ‘ಕ್ಯಾಪಿಲ್ಲಸ್’ ಎಂದರೆ ಕೂದಲು. ಕನ್ನಡದ ‘ಲೋಮನಾಳ’ದಲ್ಲಿರುವ ‘ಲೋಮ’ಕ್ಕೂ ಅದೇ ಭಾವ. ವಾಸ್ತವದಲ್ಲಿ ಈ ನಾಳವು ಇಳಕಲ್ ಸೀರೆಯ ಸೆರಗಿನ ರೇಷ್ಮೆ ನೂಲಿಗಿಂತಲೂ ಸಣ್ಣದಾಗಿದ್ದು, ಕೆಂಪು ರಕ್ತಕಣಗಳು ಅದರೊಳಗೆ ಒಂದೇ ಸಾಲಿನಲ್ಲಿ ಸಾಗುತ್ತವೆ.

ಹೆಸರಿನ ಅರ್ಥ ತಿಳಿದವರಿಗೆ ನಾಳದ ಆಕಾರವನ್ನು ಬಾಯಿಪಾಠ ಮಾಡುವ ಅಗತ್ಯವಿರುವುದಿಲ್ಲ.